ಗಾಳಿಯನ್ನು ನೀರಿಗೆ ಧಾರೆಯೆರೆದ ಜೋಸೆಫ್ ಪ್ರೀಸ್ಟ್ಲಿ

ಮೈಸೂರಿನಿಂದ ಮಾನಂದವಾಡಿಯತ್ತ ಸಾಗುವ ಹೆದ್ದಾರಿಯಲ್ಲಿ, ಹೆಗ್ಗಡದೇವನಕೋಟೆಗೆ ಸಮೀಪದಲ್ಲಿರುವ ಹ್ಯಾಂಡ್‌ಪೋಸ್ಟ್ ನಮ್ಮ ಸೀಮೆಯವರಿಗೆಲ್ಲ ಚಿರಪರಿಚಿತವಾದ ಕೂಡುದಾರಿ. ದಾರಿಗರಿಗೆ ದಿಕ್ಕು ತೋರುವ ಕೈಮರವೆಂಬುದೇ ಆ ಹೆಸರಿನ ಅರ್ಥ. ಬಿರುಬೇಸಗೆಯ ನಡುಹಗಲಿನಲ್ಲಿ ಇಂತಹ ಕೂಡುದಾರಿಯಲ್ಲಿ ಬಸ್ಸಿಗಾಗಿ ಕಾಯುವವನು ಅಂಗಡಿಯ ಮುಂದೆ ನಿಂತು ಒಂದು ನಿಂಬೆಸೋಡಾ ಬೇಡುವುದು ಸಹಜ. ಅಂಗಡಿಯಾತನು ಸೀಸೆಯ ಗೋಲಿಯನ್ನು ಒತ್ತುತ್ತಾನೆ. ಒಳಗೆ ಸೆರೆಯಾಗಿದ್ದ ಗಾಳಿ ಸದ್ದುಮಾಡುತ್ತ ಹೊರಬೀಳುತ್ತದೆ. ನೀರೆಲ್ಲ ಗುಳ್ಳೆಗುಳ್ಳೆಯಾಗಿ ಕುದಿಯುವಂತೆ ಕಾಣುತ್ತದೆ. ಆದರೂ ನಾಲಗೆಗೆ ತಂಪು. ಕುಡಿದವನು ಬಾಯಾರಿಕೆ ಕಳೆದುಕೊಂಡು ಬಸ್ಸು ಹತ್ತುತ್ತಾನೆ. ಆ ನೀರಿನೊಳಗೆ ಗಾಳಿಯನ್ನು ತುಂಬುವ ಬಗೆಯನ್ನು ಲೋಕಕ್ಕೆ ತಿಳಿಸಿದವನಾರೆಂಬುದನ್ನು ಕೇಳುವವರು ವಿರಳ. ಅವನು ವ್ಯಾಪಾರಿಯಲ್ಲ, ಧರ್ಮಬೋಧಕ, ಶಾಲಾ ಉಪಾಧ್ಯಾಯ, ವ್ಯಾಕರಣಕಾರ. ತಾನು ಅರಿತದ್ದನ್ನು ತನ್ನಲ್ಲಿಯೇ ಇರಿಸಿಕೊಳ್ಳಲಾರದವನು. ಅಂತಹ ಜೋಸೆಫ್ ಪ್ರೀಸ್ಟ್ಲಿಯ ಬಾಳನ್ನು, ವಿದ್ಯಾದಾನವನ್ನೇ ವ್ರತವಾಗಿಸಿಕೊಂಡ ಮಠವೊಂದರ ಶಾಲೆಯ ಈ ಸಂಚಿಕೆಯಲ್ಲಿ ಸ್ಮರಿಸುವುದು ಉಚಿತವೆಂದು ಭಾವಿಸಿದ್ದೇನೆ.

ಪ್ರೀಸ್ಟ್ಲಿಯು 1733ನೆಯ ಇಸವಿಯ ಮಾರ್ಚ್ ತಿಂಗಳಿನಲ್ಲಿ ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತದ ಲೀಡ್ಸ್ ನಗರಕ್ಕೆ ಹತ್ತಿರದ ಬರ್ಸ್ಟಾಲ್ ಎಂಬಲ್ಲಿ ಜನಿಸಿದನು. ತಂದೆ ಜೋನಾಸ್ ಉಣ್ಣೆಯ ಬಟ್ಟೆಯನ್ನು ಹದಗೊಳಿಸುವ ಕಾಯಕದವನು. ಬಾಲಕನು ಇನ್ನೂ ಎಳೆಯನಾಗಿದ್ದಾಗಲೇ ತಾಯಿ ತೀರಿಕೊಂಡಳು. ಮಕ್ಕಳಿಲ್ಲದ ಸೋದರತ್ತೆ ಸಾರಾ ಕೀಗ್ಲಿ ಅವನನ್ನು ತನ್ನ ಮನೆಗೆ ಕರೆದೊಯ್ದು ಸಾಕಿದಳು. ಕುಶಾಗ್ರಬುದ್ಧಿಯ ಹುಡುಗನು ಲ್ಯಾಟಿನ್, ಗ್ರೀಕ್, ಹೀಬ್ರೂ ಭಾಷೆಗಳನ್ನು ಕಲಿತನು. ಕಾಯಿಲೆಯಿಂದ ಶಾಲೆ ತಪ್ಪಿದ ದಿನಗಳಲ್ಲಿ ಫ್ರೆಂಚ್, ಇಟಾಲಿಯನ್, ಜರ್ಮನ್‌ಗಳನ್ನೂ ಅರಬ್ಬಿ ಮೊದಲಾದ ಪೌರಸ್ತ್ಯ ಭಾಷೆಗಳನ್ನೂ ಅಭ್ಯಾಸ ಮಾಡಿದನು.

ಅವನ ಮನೆತನದವರು ಅಲ್ಲಿನ ರಾಜಮಾನ್ಯ ಚರ್ಚಿಗೆ ಸೇರದ ಭಿನ್ನಮತೀಯರು. ಅಂತಹವರಿಗೆ ಅಂದು ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ವಿಶ್ವವಿದ್ಯಾನಿಲಯಗಳ ಪದವಿ ದೊರೆಯುವಂತಿರಲಿಲ್ಲ. ಆದುದರಿಂದ ಆ ಜನರು ತಮ್ಮ ಮಕ್ಕಳಿಗಾಗಿ ತಾವೇ ವಿದ್ಯಾಶಾಲೆಗಳನ್ನು ಕಟ್ಟಿಕೊಂಡಿದ್ದರು. 1752ರಲ್ಲಿ ಪ್ರೀಸ್ಟ್ಲಿಯು ಅಂತಹ ಡ್ಯಾವೆಂಟ್ರಿಯ ಶಾಲೆಯನ್ನು ಸೇರಿದನು. ಅಲ್ಲಿ ಪ್ರತಿಯೊಂದು ವಿಷಯವನ್ನೂ ಪರ ಮತ್ತು ವಿರೋಧ ಎರಡು ಕಡೆಗಳಿಂದಲೂ ಚರ್ಚಿಸುವ ಪದ್ಧತಿಯಿತ್ತು. ಪೂರ್ವಪಕ್ಷವನ್ನು ಕೇಳದೆ ಸಿದ್ಧಾಂತವನ್ನು ಹೇಳಬಾರದೆಂಬ ನಮ್ಮ ಶಾಸ್ತ್ರಕಾರರ ಕ್ರಮವನ್ನು ಬಲ್ಲವರಿಗೆ ಇದು ಹೊಸತೆನಿಸದು. ಮುಂದೆ ಅವನ ಬಾಳಿನಲ್ಲಿ ಕಂಡ ನಿರ್ಭೀತಿಯ ಬೇರು ಇಲ್ಲಿದೆ.

1755ರಲ್ಲಿ ಅವನು ಸಫೊಕ್ ಪ್ರಾಂತದ ನೀಡಮ್ ಮಾರ್ಕೆಟ್ ಎಂಬ ಊರಿನಲ್ಲಿ ಧರ್ಮಬೋಧಕನಾದನು. ಆದರೆ ಅವನಿಗೆ ತೊದಲುವ ದೋಷವಿದ್ದಿತು. ಬೋಧಕನಾದವನು ವೇದಿಕೆಯ ಮೇಲೆ ನಿಂತು ತೊದಲಿದರೆ ಕೇಳುವವರಾರು? ಅವನ ಸ್ವತಂತ್ರವಾದ ವಿಚಾರಗಳೂ ಅಲ್ಲಿಯವರಿಗೆ ಹಿಡಿಸಲಿಲ್ಲ. ಸಭೆಗೆ ಬರುವವರು ದಿನೇ ದಿನೇ ಕಡಿಮೆಯಾದರು, ಜೀವನವೇ ಕಷ್ಟವಾಯಿತು. ಆದರೂ ಅವನು ಎದೆಗುಂದಲಿಲ್ಲ. 1758ರಲ್ಲಿ ನ್ಯಾಂಟ್‌ವಿಚ್ ಎಂಬಲ್ಲಿಗೆ ಹೋಗಿ ಶಾಲೆಯೊಂದನ್ನು ತೆರೆದನು. ಉಳಿತಾಯದ ಹಣದಿಂದ ಗಾಳಿಯನ್ನು ಹೊರಗೆಳೆಯುವ ಒಂದು ಪಂಪನ್ನೂ ವಿದ್ಯುತ್ತನ್ನು ಉತ್ಪಾದಿಸುವ ಒಂದು ಯಂತ್ರವನ್ನೂ ಕೊಂಡು ತಂದು ವಿದ್ಯಾರ್ಥಿಗಳ ಕೈಯಲ್ಲಿಯೇ ಅವುಗಳನ್ನು ನಡೆಸಿದನು. ನಾಲಗೆ ತಡವರಿಸಿದಲ್ಲಿ ಪ್ರಯೋಗವೇ ಮಾತಾಡಿತು.

1761ರಲ್ಲಿ ಅವನು ವಾರಿಂಗ್ಟನ್ನಿನ ವಿದ್ಯಾಶಾಲೆಯಲ್ಲಿ ಭಾಷಾ ಮತ್ತು ಸಾಹಿತ್ಯ ವಿಷಯಗಳ ಉಪಾಧ್ಯಾಯನಾದನು. ಅದೇ ವರ್ಷ ಅವನು ರಚಿಸಿದ ಇಂಗ್ಲಿಷ್ ವ್ಯಾಕರಣವೂ ಪ್ರಕಟವಾಯಿತು. ಲ್ಯಾಟಿನ್ ವ್ಯಾಕರಣದ ಅಚ್ಚಿಗೆ ಇಂಗ್ಲಿಷನ್ನು ಬಲವಂತವಾಗಿ ತುಂಬದೆ, ಜನರ ಬಳಕೆಯನ್ನು ನೋಡಿ ನಿಯಮವನ್ನು ಹೇಳಬೇಕೆಂಬುದು ಅದರ ಹಾದಿ. ನಮ್ಮಂತಹ ಭಾಷಾಧ್ಯಾಪಕರು ಹೆಮ್ಮೆಯಿಂದ ನೆನೆಯಬಹುದಾದ ಸಂಗತಿ ಇದು: ಆಮ್ಲಜನಕವನ್ನು ಕಂಡುಹಿಡಿದವನು ಮೊದಲು ವ್ಯಾಕರಣದ ಮೇಷ್ಟ್ರಾಗಿದ್ದನು! 1762ರಲ್ಲಿ ಮೇರಿ ವಿಲ್ಕಿನ್‌ಸನ್ ಎಂಬವಳನ್ನು ವಿವಾಹವಾದನು. ಬೆಂಜಮಿನ್ ಫ್ರಾಂಕ್ಲಿನ್ನನ ಪರಿಚಯವೂ ಪ್ರೋತ್ಸಾಹವೂ ದೊರೆತು, 1767ರಲ್ಲಿ ವಿದ್ಯುಚ್ಛಕ್ತಿಯ ಇತಿಹಾಸವನ್ನು ಕುರಿತ ದೊಡ್ಡ ಗ್ರಂಥವನ್ನು ಹೊರತಂದನು. ಅದಕ್ಕೆ ಹಿಂದಿನ ವರ್ಷವೇ ಲಂಡನ್ನಿನ ರಾಯಲ್ ಸೊಸೈಟಿ ಅವನನ್ನು ತನ್ನ ಸದಸ್ಯನನ್ನಾಗಿ ಆರಿಸಿತ್ತು. 1770ರಲ್ಲಿ, ಸೀಸದ ಕಡ್ಡಿಯ ಬರಹವನ್ನು ಚೆನ್ನಾಗಿ ಅಳಿಸುವ ಒಂದು ಹೊಸ ವಸ್ತು ಬಂದಿದೆಯೆಂದು ತನ್ನ ಪುಸ್ತಕವೊಂದರಲ್ಲಿ ದಾಖಲಿಸಿದವನೂ ಇವನೇ. ಅದು ಇಂದು ನಮ್ಮ ಮಕ್ಕಳ ಪೆಟ್ಟಿಗೆಯಲ್ಲಿರುವ ರಬ್ಬರು.

1767ರಲ್ಲಿ ಪ್ರೀಸ್ಟ್ಲಿಯು ಲೀಡ್ಸ್ ನಗರದ ಮಿಲ್ ಹಿಲ್ ಪ್ರಾರ್ಥನಾಮಂದಿರಕ್ಕೆ ಬೋಧಕನಾಗಿ ಬಂದನು. ಅವನಿಗೆ ದೊರೆತ ಬಾಡಿಗೆಯ ಮನೆಯ ಮಗ್ಗುಲಲ್ಲಿ ಬೀರು ತಯಾರಿಸುವ ಕಾರ್ಖಾನೆಯೊಂದಿತ್ತು. ಬೇರೊಬ್ಬ ಧರ್ಮಬೋಧಕನಾಗಿದ್ದರೆ ಮದ್ಯದ ನೆರೆಹೊರೆಗಾಗಿ ಮೂಗು ಮುಚ್ಚಿಕೊಂಡು ನಡೆಯುತ್ತಿದ್ದನೇನೋ. ಇವನು ಮೂಗು ತೆರೆದುಕೊಂಡು ಒಳಗೆ ಹೋದನು. ಜವೆಗೋಧಿಯ ರಸ ಹುದುಗುತ್ತಿದ್ದ ದೊಡ್ಡ ತೊಟ್ಟಿಗಳ ಮೇಲೆ ಸುಮಾರು ಮುಕ್ಕಾಲು ಅಡಿಯಿಂದ ಒಂದು ಅಡಿಯ ದಪ್ಪಕ್ಕೆ ಕಣ್ಣಿಗೆ ಕಾಣದ ಒಂದು ವಾಯು ನಿಂತಿತ್ತು. ಉರಿಯುವ ಕಡ್ಡಿಯನ್ನು ಅದರೊಳಗೆ ಇಳಿಸಿದರೆ ನಂದುತ್ತಿತ್ತು. ನಂದಿದ ಕಡ್ಡಿಯ ಹೊಗೆ ಆ ವಾಯುವಿನೊಡನೆ ಬೆರೆತು, ಮೇಲೇರದೆ, ತೊಟ್ಟಿಯ ಅಂಚಿನಿಂದ ನೀರಿನಂತೆ ಕೆಳಗೆ ಹರಿಯುತ್ತಿತ್ತು. ಆ ವಾಯು ಸಾಮಾನ್ಯ ಗಾಳಿಗಿಂತ ಭಾರವಾದುದೆಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ನಮ್ಮ ಹಳೆಯ ಒಕ್ಕಲು ಮಕ್ಕಳಿಗೆ ಈ ವಾಯುವಿನ ಗುಣ ತಿಳಿಯದುದೇನಲ್ಲ. ಹಿಂದೆ ಮೈಸೂರು ಸೀಮೆಯ ಹಳ್ಳಿಗಳಲ್ಲಿ ರಾಗಿಯನ್ನು ನೆಲದೊಳಗಿನ ಹಗೇವುಗಳಲ್ಲಿ ತುಂಬಿಡುತ್ತಿದ್ದರು. ಹಗೇವಿನ ಬಾಯಿ ತೆರೆದೊಡನೆ ತಿಳಿದವರು ಒಳಗಿಳಿಯುತ್ತಿರಲಿಲ್ಲ. ಮೊದಲು ದೀಪವನ್ನು ಇಳಿಬಿಟ್ಟು ನೋಡುವರು. ದೀಪ ಆರಿದರೆ ಕಾದು, ಗಾಳಿಯಾಡಲು ಬಿಟ್ಟು, ಆಮೇಲೆ ಇಳಿಯುವರು. ಅವಸರಪಟ್ಟು ಇಳಿದವರು ಮತ್ತೆ ಮೇಲೆ ಬಾರದ ದುರಂತಗಳೂ ಉಂಟು. ಧಾನ್ಯವೂ ಉಸಿರಾಡುತ್ತದೆ; ಆ ಉಸಿರಿನಿಂದ ಹೊರಟ ಇಂಗಾಲದ ಡೈಆಕ್ಸೈಡು ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರವಾದುದರಿಂದ ಗುಂಡಿಯ ತಳದಲ್ಲಿ ನಿಲ್ಲುತ್ತದೆ. ಲೀಡ್ಸಿನ ತೊಟ್ಟಿಯ ಮೇಲಿದ್ದುದೂ ಅದೇ ಅನಿಲ. ನಮ್ಮ ಅಡುಗೆಮನೆಯಲ್ಲಿ ರಾತ್ರಿ ರುಬ್ಬಿಟ್ಟ ದೋಸೆಯ ಹಿಟ್ಟು ಬೆಳಗಾಗುವಷ್ಟರಲ್ಲಿ ಉಬ್ಬಿ ಮೇಲೇಳುವುದೂ ಅದರಿಂದಲೇ. ಸ್ಕಾಟ್ಲೆಂಡಿನ ಜೋಸೆಫ್ ಬ್ಲಾಕ್ ಎಂಬ ವಿದ್ವಾಂಸನು 1750ರ ದಶಕದಲ್ಲಿಯೇ ಅದನ್ನು ಗುರುತಿಸಿ ಸ್ಥಿರವಾಯುವೆಂಬ ಅರ್ಥದ ಹೆಸರನ್ನು ಬಳಸಿದ್ದನು.

ಪ್ರಾಣ ತೆಗೆಯಬಲ್ಲ ಈ ವಾಯುವನ್ನು ಮನುಷ್ಯನ ದಾಹ ತಣಿಸುವುದಕ್ಕೆ ಒದಗಿಸಿದ್ದು ಪ್ರೀಸ್ಟ್ಲಿಯ ವಿಶೇಷ. ಅವನು ಎರಡು ಪಾತ್ರೆಗಳನ್ನು ಹಿಡಿದು, ತೊಟ್ಟಿಯ ಮೇಲಣ ವಾಯುವಿನ ಪದರದೊಳಗೆ, ಒಂದರಿಂದ ಇನ್ನೊಂದಕ್ಕೆ ನೀರನ್ನು ಧಾರೆಯಾಗಿ ಹೊಯ್ದನು. ನಮ್ಮಲ್ಲಿ ಕಾಫಿಯನ್ನು ಲೋಟದಿಂದ ಬಟ್ಟಲಿಗೆ ಎತ್ತಿ ಹೊಯ್ಯುವಂತೆಯೇ ಎನ್ನಬಹುದು. ಕೆಲವು ನಿಮಿಷಗಳಲ್ಲಿ ನೀರು ಆ ವಾಯುವನ್ನು ಹೀರಿಕೊಂಡು, ನಾಲಗೆಗೆ ಚುರುಕಾದ, ಸ್ವಲ್ಪ ಹುಳಿಯಾದ, ಹಿತವಾದ ರುಚಿಯನ್ನು ಪಡೆಯಿತು. ಯೂರೋಪಿನ ಸಿರಿವಂತರು ಬಹಳ ಬೆಲೆ ಕೊಟ್ಟು ಜರ್ಮನಿಯ ಬುಗ್ಗೆಗಳಿಂದ ತರಿಸಿ ಔಷಧಿಯೆಂದು ಕುಡಿಯುತ್ತಿದ್ದ ನೀರಿಗೂ ಇದಕ್ಕೂ ರುಚಿಯಲ್ಲಿ ಹೆಚ್ಚಿನ ಭೇದವಿರಲಿಲ್ಲ. ಕೆಸರಿನಿಂದ ಕಮಲ ಹುಟ್ಟುವುದೆಂಬ ಮಾತಿನಂತೆ, ಮದ್ಯದ ಮನೆಯಿಂದ ಅಮಲಿಲ್ಲದ ಪಾನೀಯವೊಂದು ಹುಟ್ಟಿತು.

ಮುಂದೆ ಅವನು ಆ ಮನೆಯನ್ನು ಬಿಟ್ಟಾಗ ತೊಟ್ಟಿಗಳೂ ಕೈತಪ್ಪಿದವು. ಆಗ ಅವನು ಸೀಮೆಸುಣ್ಣದ ಮೇಲೆ ಗಂಧಕಾಮ್ಲವನ್ನು ಹನಿಸಿ ಅದೇ ವಾಯುವನ್ನು ಪಡೆದನು. ಅದನ್ನು ಚೀಲವೊಂದರಲ್ಲಿ ಕೂಡಿಸಿ, ನಳಿಗೆಯ ಮೂಲಕ ನೀರಿಗೆ ಹಾಯಿಸಿ, ಸೀಸೆಯನ್ನು ಬಲವಾಗಿ ಕುಲುಕಿದನು. 1772ರಲ್ಲಿ ಈ ಕ್ರಮವನ್ನೆಲ್ಲ ಚಿತ್ರಸಹಿತವಾಗಿ ಒಂದು ಕಿರುಹೊತ್ತಗೆಯಲ್ಲಿ ಅಚ್ಚುಹಾಕಿಸಿದನು. ಯಾರು ಬೇಕಾದರೂ ಓದಿ, ಅಲ್ಪ ವೆಚ್ಚದಲ್ಲಿ, ಮನೆಯಲ್ಲಿಯೇ ಮಾಡಿಕೊಳ್ಳುವಂತೆ ಅದನ್ನು ಬರೆದನು. ಅದರ ಮೇಲೆ ಯಾವ ಹಕ್ಕನ್ನೂ ಕಾದಿರಿಸಲಿಲ್ಲ. ಅದರಿಂದ ಹಣ ಗಳಿಸಲು ಹೊರಡಲಿಲ್ಲ. ಅವನ ಕ್ರಮವನ್ನು ಆಧರಿಸಿ ದೊಡ್ಡ ಉದ್ಯಮವನ್ನು ಕಟ್ಟಿದವನು ಜೇಕಬ್ ಶ್ವೆಪ್ಪೆ. ಗಡಿಯಾರದ ಕೆಲಸವನ್ನು ಬಲ್ಲ ಅವನು 1783ರಲ್ಲಿ ಜಿನೀವಾದಲ್ಲಿ ಅದನ್ನು ಆರಂಭಿಸಿ, ಕೆಲವು ವರ್ಷಗಳ ಮೇಲೆ ಲಂಡನ್ನಿಗೆ ತಂದನು. ಪ್ರೀಸ್ಟ್ಲಿಯು ಇದಕ್ಕೆ ಕೊರಗಿದವನಲ್ಲ. ಪ್ರತಿಫಲವನ್ನು ಬಯಸದೆ ಗಳಿಕೆಯನ್ನು ಸಮಾಜಕ್ಕೆ ಒಪ್ಪಿಸುವುದನ್ನು ಶರಣರು ದಾಸೋಹವೆಂದರು. ಅನ್ನದ ದಾಸೋಹವಿರುವಂತೆ ಅರಿವಿನ ದಾಸೋಹವೂ ಉಂಟಷ್ಟೆ.

ಅವನ ಉದ್ದೇಶವಾದರೂ ಬಾಯಿಚಪಲವಾಗಿರಲಿಲ್ಲ. ತಿಂಗಳುಗಟ್ಟಲೆ ಕಡಲಿನ ಮೇಲಿರುವ ನಾವಿಕರು ಸ್ಕರ್ವಿ ಎಂಬ ರೋಗದಿಂದ ಒಸಡು ಕೊಳೆತು ನರಳಿ ಸಾಯುತ್ತಿದ್ದರು. ಈ ವಾಯು ತುಂಬಿದ ನೀರು ಆ ರೋಗವನ್ನು ತಡೆದೀತೆಂದು ಅವನು ನಂಬಿ, 1772ರಲ್ಲಿ ಹೊರಡಲಿದ್ದ ಕ್ಯಾಪ್ಟನ್ ಕುಕ್ಕನ ಎರಡನೆಯ ಯಾನಕ್ಕೆ ಉಪಯೋಗವಾಗಲೆಂದು ನೌಕಾಖಾತೆಗೆ ತನ್ನ ಕ್ರಮವನ್ನು ತಿಳಿಸಿದನು. ನಂಬಿಕೆ ತಪ್ಪಾಗಿತ್ತು. ಆ ರೋಗಕ್ಕೆ ಕಾರಣ ಸಿ ಜೀವಸತ್ವದ ಕೊರತೆ. ಅದಕ್ಕೆ ಮದ್ದು ನಿಂಬೆ, ಕಿತ್ತಳೆಗಳ ರಸ. ಜೇಮ್ಸ್ ಲಿಂಡ್ ಎಂಬ ವೈದ್ಯನು 1747ರಲ್ಲಿಯೇ ಇದನ್ನು ಹಡಗಿನಲ್ಲಿ ಪರೀಕ್ಷಿಸಿ ನೋಡಿದ್ದನು. ಕೂಡುದಾರಿಯ ಅಂಗಡಿಯಾತನು ಇಂದು ಸೋಡಾಕ್ಕೆ ನಿಂಬೆಯನ್ನು ಹಿಂಡುವಾಗ, ಪ್ರೀಸ್ಟ್ಲಿಯ ಹುಸಿಯಾದ ಮದ್ದನ್ನೂ ಅವನು ಕಾಣದೆಹೋದ ನಿಜವಾದ ಮದ್ದನ್ನೂ ಒಂದೇ ಲೋಟದಲ್ಲಿ ಬೆರೆಸುತ್ತಾನೆ!

ಇನ್ನು ಆ ಲೋಟದೊಳಗಿನ ವಿಜ್ಞಾನವನ್ನು ಸ್ವಲ್ಪ ನೋಡೋಣ. ಸೋಡಾ ಎಂಬ ಹೆಸರಿದ್ದರೂ ಪ್ರೀಸ್ಟ್ಲಿಯ ನೀರಿನಲ್ಲಿ ಸೋಡಾ ಉಪ್ಪಿರಲಿಲ್ಲ. ಬಳಿಕ ತಯಾರಕರು ಅದನ್ನು ಬೆರೆಸತೊಡಗಿದ್ದರಿಂದ ಆ ಹೆಸರು ನಿಂತಿತು. 15 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ, ಸಾಮಾನ್ಯ ಒತ್ತಡದಲ್ಲಿ, 1 ಲೀಟರ್ ನೀರು ಹೆಚ್ಚುಕಡಿಮೆ 1 ಲೀಟರಿನಷ್ಟೇ ಇಂಗಾಲದ ಡೈಆಕ್ಸೈಡನ್ನು ಕರಗಿಸಿಕೊಳ್ಳುತ್ತದೆ. ನೀರು ಮಂಜಿನಷ್ಟು ತಣ್ಣಗಾದರೆ ಈ ಪ್ರಮಾಣ ಸುಮಾರು 1.7 ಲೀಟರಿಗೆ ಏರುತ್ತದೆ. ಒತ್ತಡವನ್ನು ಎಷ್ಟು ಹೆಚ್ಚಿಸಿದರೆ ಕರಗುವ ಅನಿಲವೂ ಅಷ್ಟೇ ಪ್ರಮಾಣದಲ್ಲಿ ಹೆಚ್ಚುವುದೆಂಬ ನಿಯಮವನ್ನು 1803ರಲ್ಲಿ ವಿಲಿಯಂ ಹೆನ್ರಿಯು ಪ್ರಕಟಿಸಿದನು. ಆದುದರಿಂದಲೇ ಇಂದಿನ ಕಾರ್ಖಾನೆಗಳು ನೀರನ್ನು ತಣಿಸಿ, ಒತ್ತಡ ಹಾಕಿ, ಪಾನೀಯದ ಮೂರು ನಾಲ್ಕು ಪಟ್ಟು ಗಾತ್ರದ ಅನಿಲವನ್ನು ಅದರಲ್ಲಿ ಅಡಗಿಸುತ್ತವೆ. ಮುಚ್ಚಳ ತೆಗೆದೊಡನೆ ಒತ್ತಡ ಇಳಿಯುತ್ತದೆ. ಹೆಚ್ಚಿನ ಅನಿಲ ಹೊರಡಲು ಹವಣಿಸುತ್ತದೆ. ಆದರೆ ಗುಳ್ಳೆ ಹುಟ್ಟಲು ಒಂದು ನೆಲೆ ಬೇಕು. ಲೋಟದ ಗೀರು, ಧೂಳಿನ ಎಳೆ, ಉಪ್ಪಿನ ಹರಳು ಇವೇ ಆ ನೆಲೆಗಳು. ಸೋಡಾಕ್ಕೆ ಚಿಟಿಕೆ ಉಪ್ಪು ಹಾಕಿದ ಕ್ಷಣದಲ್ಲಿ ನೊರೆ ಉಕ್ಕುವುದರ ಗುಟ್ಟು ಇದು. ಕರಗಿದ ಅನಿಲದಲ್ಲಿ ಅತ್ಯಲ್ಪ ಭಾಗ ನೀರಿನೊಡನೆ ಕೂಡಿ ದುರ್ಬಲವಾದ ಆಮ್ಲವಾಗುತ್ತದೆ; ನಾಲಗೆಯ ಮೇಲಣ ಚುರುಕಿಗೆ ಗುಳ್ಳೆಯ ಸಿಡಿತಕ್ಕಿಂತ ಆ ಆಮ್ಲವೇ ಹೆಚ್ಚು ಕಾರಣ. ಗೋಲಿಯ ಸೀಸೆ 1870ರ ದಶಕದಲ್ಲಿ ಇಂಗ್ಲೆಂಡಿನ ಹೈರಮ್ ಕಾಡ್ ಎಂಬವನು ರೂಪಿಸಿದ್ದು. ಸೀಸೆಯನ್ನು ತಲೆಕೆಳಗಾಗಿಸಿ ತುಂಬಿದಾಗ ಗೋಲಿ ಕತ್ತಿಗೆ ಬೀಳುತ್ತದೆ; ಒಳಗಿನ ಅನಿಲವೇ ಅದನ್ನು ರಬ್ಬರಿನ ಉಂಗುರಕ್ಕೆ ಒತ್ತಿ ಹಿಡಿಯುತ್ತದೆ. ಸೆರೆಯಾದವನೇ ಸೆರೆಮನೆಯ ಬಾಗಿಲನ್ನು ಕಾಯುವಂತಹ ಈ ಉಪಾಯ, ಹುಟ್ಟಿದ ನಾಡಿನಲ್ಲಿ ಮರೆಯಾದರೂ ನಮ್ಮ ನಾಡಿನ ಕೆಲವು ಅಂಗಡಿಗಳಲ್ಲಿ ಇನ್ನೂ ಉಳಿದಿದೆ.

ಸೋಡಾ ನೀರಿನಿಂದ ಹತ್ತಿದ ವಾಯುಗಳ ಗೀಳು ಪ್ರೀಸ್ಟ್ಲಿಯನ್ನು ಮುಂದಕ್ಕೆ ಎಳೆದೊಯ್ಯಿತು. 1771ರಲ್ಲಿ, ಮೇಣದ ಬತ್ತಿ ಉರಿದು ಕೆಟ್ಟ ಗಾಳಿಯಲ್ಲಿ ಪುದೀನದ ಕುಡಿಯೊಂದನ್ನು ಇರಿಸಿ, ಕೆಲವು ದಿನಗಳ ಮೇಲೆ ಆ ಗಾಳಿಯಲ್ಲಿ ಬತ್ತಿ ಮತ್ತೆ ಉರಿಯುವುದನ್ನು ಕಂಡನು. ಹಸಿರು ಗಿಡ ಗಾಳಿಯನ್ನು ಶುದ್ಧಿ ಮಾಡುತ್ತದೆಂಬ ಪಾಠ ಅಲ್ಲಿಂದ ಮೊದಲಾಯಿತು. ವಾಯುಗಳನ್ನು ಕುರಿತ ಸಂಶೋಧನೆಗಾಗಿ ರಾಯಲ್ ಸೊಸೈಟಿಯು 1772ನೆಯ ವರ್ಷದ ಕೋಪ್ಲೆ ಪದಕವನ್ನು ಅವನಿಗೆ ನೀಡಿತು. 1773ರಲ್ಲಿ ಷೆಲ್ಬರ್ನ್ ಪ್ರಭುವಿನ ಆಶ್ರಯ ದೊರೆಯಿತು. 1774ರ ಆಗಸ್ಟ್ 1ರಂದು, ಪಾದರಸದ ಕೆಂಪು ಭಸ್ಮದ ಮೇಲೆ ದೊಡ್ಡ ಭೂತಗನ್ನಡಿಯಿಂದ ಬಿಸಿಲನ್ನು ಹಾಯಿಸಿದಾಗ ಹೊರಟ ವಾಯುವಿನಲ್ಲಿ ಮೇಣದ ಬತ್ತಿ ಅಪೂರ್ವ ಕಾಂತಿಯಿಂದ ಉರಿಯಿತು. ಅದೇ ಇಂದಿನ ಆಮ್ಲಜನಕ. ಸ್ವೀಡನ್ನಿನ ಷೀಲೆ ಎಂಬವನು ಇದನ್ನು ಮೊದಲೇ ಕಂಡಿದ್ದರೂ ಅವನ ಗ್ರಂಥ ಬೆಳಕಿಗೆ ಬಂದುದು 1777ರಲ್ಲಿ.

1774ರ ಅಕ್ಟೋಬರಿನಲ್ಲಿ ಪ್ಯಾರಿಸ್ಸಿಗೆ ಹೋದ ಪ್ರೀಸ್ಟ್ಲಿಯು ಲವಾಸಿಯೆಯ ಮನೆಯ ಔತಣದಲ್ಲಿ ತನ್ನ ಪ್ರಯೋಗವನ್ನು ಬಿಚ್ಚಿ ಹೇಳಿದನು. ಪ್ರಕಟಿಸುವ ತನಕ ಬಾಯಿ ಕಟ್ಟಿಕೊಳ್ಳಬೇಕೆಂಬ ಜಾಣತನ ಅವನಿಗೆ ತಿಳಿಯದು. ವಸ್ತು ಉರಿಯುವಾಗ ಅದರಿಂದ ಫ್ಲೊಜಿಸ್ಟನ್ ಎಂಬುದೊಂದು ಹೊರಹೋಗುವುದೆಂದು ಅಂದಿನ ಪಂಡಿತರು ನಂಬಿದ್ದರು. ಲವಾಸಿಯೆಯು ಪ್ರೀಸ್ಟ್ಲಿಯ ವಾಯುವಿಗೆ ಹೊಸ ಹೆಸರನ್ನು ಕೊಟ್ಟು, ಉರಿಯುವುದೆಂದರೆ ಆ ವಾಯುವಿನೊಡನೆ ಕೂಡುವುದೆಂದು ತೋರಿಸಿ, ಹಳೆಯ ಮತವನ್ನು ಕಿತ್ತೊಗೆದನು. ಆದರೆ ಪ್ರೀಸ್ಟ್ಲಿಯು ಕೊನೆಯ ತನಕ ಫ್ಲೊಜಿಸ್ಟನ್ನನ್ನು ಬಿಡಲಿಲ್ಲ. ಧರ್ಮದಲ್ಲಿಯೂ ರಾಜಕೀಯದಲ್ಲಿಯೂ ಹಳೆಯದನ್ನು ಪ್ರಶ್ನಿಸಿದವನು ರಸಾಯನಶಾಸ್ತ್ರದಲ್ಲಿ ಹಳೆಯ ಮತಕ್ಕೆ ಜೋತುಬಿದ್ದನು. ಇದು ಅವನ ದೋಷ, ಮುಚ್ಚಿಡಬೇಕಾಗಿಲ್ಲ. ಆದರೆ ತನ್ನ ಪ್ರಯೋಗಗಳಲ್ಲಿ ಕೈಗೂಡಿದ್ದನ್ನೂ ಕೈಕೊಟ್ಟದ್ದನ್ನೂ ಒಂದೇ ನಿಷ್ಠೆಯಿಂದ ಅವನು ಬರೆದಿಟ್ಟುದರಿಂದ, ಅವನ ತಪ್ಪನ್ನು ತಿದ್ದುವ ಸಾಮಗ್ರಿಯನ್ನು ಅವನೇ ಎದುರಾಳಿಗೆ ಒದಗಿಸಿದಂತಾಯಿತು.

1780ರಲ್ಲಿ ಅವನು ಬರ್ಮಿಂಗ್‌ಹ್ಯಾಮ್ ನಗರಕ್ಕೆ ಬಂದನು. ಅಲ್ಲಿ ಜೇಮ್ಸ್ ವಾಟ್, ಮ್ಯಾಥ್ಯೂ ಬೌಲ್ಟನ್, ಜೊಸಾಯ ವೆಡ್ಜ್‌ವುಡ್ ಮೊದಲಾದವರ ಸ್ನೇಹಮಂಡಲಿಯಿತ್ತು. ಈ ಮಿತ್ರರು ಅವನ ಸಂಶೋಧನೆಗೆ ಹಣವನ್ನು ಕೂಡಿಸಿಕೊಟ್ಟರು. ಕುಂಬಾರಿಕೆಯ ಉದ್ಯಮಿಯಾದ ವೆಡ್ಜ್‌ವುಡ್ಡನು ಪ್ರಯೋಗಕ್ಕೆ ಬೇಕಾದ ಪಾತ್ರೆಗಳನ್ನು ಮಾಡಿಸಿಕೊಟ್ಟನು. ವಿದ್ವಾಂಸನ ಹಿಂದೆ ದಾನಿಯೊಬ್ಬನು ನಿಂತಾಗಲೇ ವಿದ್ಯೆ ಬೆಳೆಯುವುದೆಂಬುದಕ್ಕೆ ಇದೊಂದು ದೃಷ್ಟಾಂತ.

ಆದರೆ ಅವನ ಭಿನ್ನಮತವೂ ಫ್ರೆಂಚ್ ಕ್ರಾಂತಿಯ ಬಗೆಗೆ ಅವನಿಗಿದ್ದ ಸಹಾನುಭೂತಿಯೂ ಹಲವರನ್ನು ಕೆರಳಿಸಿದ್ದವು. 1791ರ ಜುಲೈ 14ರಂದು ಆ ಕ್ರಾಂತಿಯ ಸ್ಮರಣೆಗಾಗಿ ನಗರದಲ್ಲಿ ಏರ್ಪಟ್ಟಿದ್ದ ಭೋಜನಕೂಟಕ್ಕೆ ಅವನು ಹೋಗಿರಲೂ ಇಲ್ಲ. ಆದರೂ ಉದ್ರಿಕ್ತವಾದ ಗುಂಪು ಅವನ ಪ್ರಾರ್ಥನಾಮಂದಿರವನ್ನು ಸುಟ್ಟು, ಮನೆಯತ್ತ ನುಗ್ಗಿತು. ಅವನೂ ಪತ್ನಿಯೂ ಹೇಗೋ ತಪ್ಪಿಸಿಕೊಂಡರು. ಮನೆ, ಪ್ರಯೋಗಶಾಲೆ, ಪುಸ್ತಕ ಭಂಡಾರ, ಹಲವು ವರ್ಷಗಳ ಹಸ್ತಪ್ರತಿಗಳು ಎಲ್ಲವೂ ಹಾಳಾದವು. 12ನೆಯ ಶತಮಾನದಲ್ಲಿ ಕಲ್ಯಾಣದಲ್ಲಿ ದೊಂಬಿಯೆದ್ದಾಗ ಶರಣರು ವಚನದ ಕಟ್ಟುಗಳನ್ನು ಹೊತ್ತು ಉಳವಿಯತ್ತ ನಡೆದರೆಂಬ ನಮ್ಮ ಪರಂಪರೆಯ ಕಥೆಯನ್ನು ಕೇಳಿ ಬೆಳೆದವರಿಗೆ ಈ ನೋವು ಅರ್ಥವಾಗದಿರದು.

ಲಂಡನ್ನಿನಲ್ಲಿಯೂ ಅವನಿಗೆ ನೆಮ್ಮದಿಯಿರಲಿಲ್ಲ. 1794ರ ಏಪ್ರಿಲ್‌ನಲ್ಲಿ ಅಮೆರಿಕಕ್ಕೆ ಹಡಗು ಹತ್ತಿದನು. ಅವನು ಇನ್ನೂ ಕಡಲಿನ ಮೇಲಿದ್ದಾಗ, ಮೇ 8ರಂದು, ಪ್ಯಾರಿಸ್ಸಿನಲ್ಲಿ ಲವಾಸಿಯೆಯ ಶಿರಚ್ಛೇದವಾಯಿತು. ಒಬ್ಬನನ್ನು ಕ್ರಾಂತಿಯ ವಿರೋಧಿಗಳು ಓಡಿಸಿದರು. ಇನ್ನೊಬ್ಬನನ್ನು ಕ್ರಾಂತಿಯೇ ನುಂಗಿತು. ಪ್ರೀಸ್ಟ್ಲಿಯು ಪೆನ್ಸಿಲ್ವೇನಿಯದ ನಾರ್ದಂಬರ್‌ಲೆಂಡ್ ಎಂಬ ಸಣ್ಣ ಊರಿನಲ್ಲಿ ನೆಲೆಸಿ, ಮತ್ತೊಂದು ಪ್ರಯೋಗಶಾಲೆಯನ್ನು ಕಟ್ಟಿಕೊಂಡನು. 1795ರಲ್ಲಿ ಕಿರಿಯ ಮಗನೂ 1796ರಲ್ಲಿ ಪತ್ನಿಯೂ ತೀರಿಕೊಂಡರು. ಆದರೂ ಬರಹ ನಿಲ್ಲಲಿಲ್ಲ. 1804ರ ಫೆಬ್ರವರಿ 6ರ ಬೆಳಗ್ಗೆ ಹಾಸಿಗೆಯಲ್ಲಿ ಮಲಗಿದ್ದಂತೆಯೇ, ತನ್ನ ಕೃತಿಗೆ ಹೇಳಿ ಬರೆಸಿದ ತಿದ್ದುಪಡಿಗಳನ್ನು ಓದಿಸಿ ಕೇಳಿ, ಸರಿಯಾಗಿದೆಯೆಂದು ಒಪ್ಪಿ, ಸ್ವಲ್ಪ ಹೊತ್ತಿಗೆ ಕಣ್ಣು ಮುಚ್ಚಿದನು. 1874ರಲ್ಲಿ ಆಮ್ಲಜನಕದ ಶೋಧಕ್ಕೆ ನೂರು ವರ್ಷ ತುಂಬಿದಾಗ ಅಮೆರಿಕದ ರಸಾಯನಶಾಸ್ತ್ರಜ್ಞರು ಅದೇ ಊರಿನಲ್ಲಿ ಸೇರಿ ಅವನನ್ನು ಸ್ಮರಿಸಿದರು.

ಪ್ರೀಸ್ಟ್ಲಿಯ ಬಾಳಿನಿಂದ ನಾವು ತಿಳಿಯತಕ್ಕುದು ಒಂದುಂಟು. ಅವನು ಮನೆಯಲ್ಲಿರಿಸಿಕೊಂಡಿದ್ದುದನ್ನೆಲ್ಲ ಬೆಂಕಿ ತಿಂದಿತು. ಪರರಿಗೆ ಕೊಟ್ಟಿದ್ದುದನ್ನು ಯಾವ ಬೆಂಕಿಯೂ ಮುಟ್ಟಲಾಗಲಿಲ್ಲ. ಅಚ್ಚಾಗಿ ಊರೂರಿಗೆ ಹೋದ ಆ ಕಿರುಹೊತ್ತಗೆ, ಅನ್ಯರ ಮನೆಯಲ್ಲಿ ಬಿಚ್ಚಿ ಹೇಳಿದ ಪ್ರಯೋಗ, ಶಿಷ್ಯರಿಗೆ ಕಲಿಸಿದ ಪಾಠ ಇವು ಉಳಿದವು. ಪಾಠದ ಟಿಪ್ಪಣಿಯನ್ನು ಪೆಟ್ಟಿಗೆಯಲ್ಲಿಟ್ಟು ಕಾಯುವ ಅಧ್ಯಾಪಕನಿಗಿಂತ, ತಪ್ಪಾದರೂ ಚಿಂತೆಯಿಲ್ಲವೆಂದು ಮಕ್ಕಳ ಮುಂದೆ ಪ್ರಯೋಗ ಮಾಡಿ ತೋರಿಸುವವನು ಹೆಚ್ಚಿನವನು. ಸೀಸೆಯೊಳಗೆ ಅದುಮಿಟ್ಟ ಗಾಳಿ ಗೋಲಿಯನ್ನು ಒತ್ತಿ ಹಿಡಿಯಬಲ್ಲುದೇ ಹೊರತು ಯಾರ ದಾಹವನ್ನೂ ತಣಿಸದು. ಬಾಯಿ ತೆರೆದಾಗಲೇ ಅದಕ್ಕೆ ಸಾರ್ಥಕತೆ. ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳು ತಮ್ಮ ಅರಿವನ್ನೂ ದಾನಿಗಳು ತಮ್ಮ ಗಳಿಕೆಯನ್ನೂ ಈ ರೀತಿಯಲ್ಲಿ ತೆರೆದಿಡಲೆಂದು ಹಾರೈಸಿ, ಈ ಸ್ಮರಣೆಯನ್ನು ಶ್ರೀಗುರುವಿನ ಅಡಿದಾವರೆಗಳಲ್ಲಿ ಅರ್ಪಿಸುತ್ತೇನೆ.